ಮಂಗೋಲ್ ಖಾನರ ಮಾನ್ಯ ಶಾಸನ ಓದುವ ಬಗೆ

ಚೀನಾದ ಹಳೆಯ ದಾವೋ ಮಠಗಳಲ್ಲಿ, ಬೌದ್ಧ ವಿಹಾರಗಳಲ್ಲಿ ಮಂಗೋಲ್ ಖಾನರು ಚೀನಾ ಆಳಿದ ಯುವಾನ್ ಕಾಲದ (1271–1368) ಎರಡು ಲಿಪಿಯ ಕಲ್ಲುಗಳಿವೆ. ಖಾನರು ಮಠಗಳಿಗೆ ಕೊಟ್ಟ ತೆರಿಗೆ ವಿನಾಯಿತಿಗಳನ್ನು ಅವುಗಳಲ್ಲಿ ಕೆತ್ತಲಾಗಿದೆ. ನಮ್ಮ ಸರ್ವಮಾನ್ಯ (ತೆರಿಗೆಯಿಲ್ಲದ ದತ್ತಿ) ಶಾಸನಗಳನ್ನು ಓದಿದವರಿಗೆ ಇವುಗಳ ಚೌಕಟ್ಟು ಹೊಸದೆನಿಸದು. ಇವನ್ನು ಮತಸಹಿಷ್ಣುತೆಗೆ ಪುರಾವೆಯಾಗಿ ಎತ್ತಿ ತೋರಿಸುವವರು ಬಹಳ. ಸಾಲುಸಾಲಾಗಿ ಓದಿದರೆ ಸಿಗುವುದು ಒಂದು ಕರಾರು.

1. ದಿಕ್ಕು, ಲಿಪಿ. ಮಂಗೋಲ್ ಪಾಠದ ಚೌಕಾಕಾರದ ಅಕ್ಷರಗಳು ಫಗ್ಸ್‌ಪಾ ಲಿಪಿ. ಟಿಬೆಟಿನ ಲಾಮಾ ಫಗ್ಸ್‌ಪಾ ರೂಪಿಸಿದ್ದು, ಯುವಾನ್ ವಂಶ ಕಟ್ಟಿದ ಖಾನ ಕುಬ್ಲಾಯ್ 1269ರಲ್ಲಿ ಜಾರಿಗೆ ತಂದದ್ದು. ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ ಓದಿ. ಅದೇ ಕಲ್ಲಿನ ಚೀನೀ ಪಾಠ ಬಲದಿಂದ ಎಡಕ್ಕೆ ಹೋಗುತ್ತದೆ. ಇಲ್ಲಿ ಎಡವಿದರೆ ಎರಡು ಪಾಠಗಳನ್ನು ಹೊಂದಿಸುವುದು ಅಸಾಧ್ಯ. ಕಾಗದದ ಆಜ್ಞೆ ಹೊರಟ ಎಷ್ಟೋ ಕಾಲದ ಮೇಲೆ ಕಲ್ಲು ಕೆತ್ತಿಸಿದ್ದೂ ಉಂಟು, ಒಂದೇ ಕಲ್ಲಿಗೆ ಹಲವು ಆಜ್ಞೆ ಹಾಕಿದ್ದೂ ಉಂಟು.

2. ಕೊಟ್ಟವರು ಯಾರು? ಆರಂಭದಲ್ಲಿ ‘ಶಾಶ್ವತ ತೆಂಗ್ರಿಯ ಬಲದಿಂದ’ ಎಂದಿರುತ್ತದೆ. ತೆಂಗ್ರಿ ಎಂದರೆ ಆಕಾಶದೈವ. ಮುಂದೆ ‘ಜರ್ಲಿಗ್’ ಎಂದಿದ್ದರೆ ಆಜ್ಞೆ ಖಾನನದು. ‘ಖಾನನ ಭಾಗ್ಯದಿಂದ’ ಎಂಬ ಸಾಲು ಸೇರಿ ‘ಉಗೆ’ (ಮಾತು) ಎಂದಿದ್ದರೆ ರಾಜಕುಮಾರನದೋ ರಾಣಿಯದೋ. ಅಧಿಕಾರ ಎಲ್ಲಿಂದ ಬಂತೆಂದು ಹೇಳುವಾಗ ಬುದ್ಧ, ಕ್ರಿಸ್ತ, ಅಲ್ಲಾಹ್ ಯಾರ ಹೆಸರೂ ಬರುವುದಿಲ್ಲ.

3. ಕಾಲ. ಕೊನೆಯಲ್ಲಿ ‘ಹುಲಿ ವರ್ಷ’ ಎಂದಷ್ಟೇ ಇರುತ್ತದೆ. ಅದು 12 ವರ್ಷಕ್ಕೊಮ್ಮೆ ಬರುವಂಥದ್ದು. ಬಿಡಿಸಲು ನಡುವಿನ ಪೂರ್ವಜರ ಪಟ್ಟಿ ಹಿಡಿಯಿರಿ. ಚೆಂಗಿಸ್, ಒಗೊದೈ, ಸೆಚೆನ್ (ಕುಬ್ಲಾಯ್), ಒಲ್ಜೈತು, ಕುಲುಗ್ ಎಂದು ಪಟ್ಟಿ ನಿಂತಿದ್ದರೆ ಕೊಟ್ಟವನು ಮುಂದಿನ ಬುಯಾಂತು, ಆಳಿದ್ದು 1311ರಿಂದ 1320. ಆ ಅವಧಿಯ ಹುಲಿ ವರ್ಷ 1314 ಒಂದೇ. ಪಟ್ಟಿಯಲ್ಲಿ ಒಗೊದೈ, ಕುಬ್ಲಾಯ್ ನಡುವೆ ಆಳಿದ ಗುಯುಗ್ ಇಲ್ಲ, ಕುಬ್ಲಾಯ್‌ನ ಸ್ವಂತ ಅಣ್ಣ ಮೊಂಗ್‌ಕೆಯೂ ಇಲ್ಲ. ಆದ್ದರಿಂದ ‘ಆರನೆಯ ಖಾನ’ ಎಂದು ಎಣಿಸಿ ಹೊರಟರೆ ಲೆಕ್ಕ ತಪ್ಪುತ್ತದೆ.

4. ಕರಾರು. ಶಾಸನದ ಹೃದಯ ಇದೇ, ಇಲ್ಲಿ ಅವಸರ ಬೇಡ. ತೊಯಿನ್ (ಬೌದ್ಧ ಭಿಕ್ಷು), ಎರ್ಕೆಉನ್ (ಕ್ರೈಸ್ತ), ಸೆನ್‌ಶಿಂಗ್ (ದಾವೋ ಗುರು), ದಶ್ಮನ್ (ಮುಸ್ಲಿಂ ವಿದ್ವಾಂಸ): ಈ ನಾಲ್ವರು ಕಂದಾಯ, ಬಿಟ್ಟಿ ಕೊಡಬೇಕಿಲ್ಲ, ಬದಲಿಗೆ ತೆಂಗ್ರಿಯನ್ನು ಪ್ರಾರ್ಥಿಸಿ ಖಾನನಿಗೆ ಆಶೀರ್ವಾದ ಮಾಡುತ್ತಿರಬೇಕು. ಯೆಹೂದಿಗಳು ಈ ಪಟ್ಟಿಯಲ್ಲಿಲ್ಲ. ಹೆಸರಿದ್ದವರಿಗೂ ಅಭಯ ಪೂರ್ತಿಯಲ್ಲ: ಆಸ್ಥಾನದ ಊಟವನ್ನು ಮುಸ್ಲಿಂ ವರ್ತಕರು ಒಲ್ಲೆನೆಂದದ್ದಕ್ಕೆ 1280ರಲ್ಲಿ ಕುಬ್ಲಾಯ್ ಇಸ್ಲಾಂ ರೀತಿಯಲ್ಲಿ ಕತ್ತು ಕೊಯ್ದು ಪ್ರಾಣಿ ಕಡಿಯುವುದನ್ನೇ ನಿಷೇಧಿಸಿದ.

ಹೊಸಬರು ಹೆಚ್ಚು ತಪ್ಪುವುದು ಈ ವಿನಾಯಿತಿಯ ಜೊತೆಗೇ ಬರುವ ‘ತ್ಸಾಂಗ್ (ಭೂಕಂದಾಯ), ತಮ್ಗ (ವ್ಯಾಪಾರ ತೆರಿಗೆ) ಹೊರತು’ ಎಂಬಲ್ಲಿ. ಇವೆರಡನ್ನೂ ಕೊಡಲೇಬೇಕೆಂದು ಓದಿ ಅಲ್ಲಿಗೇ ನಿಲ್ಲಿಸುತ್ತಾರೆ. ಅದು ಎಲ್ಲರಿಗೂ ಅನ್ವಯಿಸುವ ಹಳೆಯ ನಿಯಮದ ಉಲ್ಲೇಖ ಮಾತ್ರ. ಕೆಳಗೆ ಮಠದ ಹೆಸರು ಬಂದ ಮೇಲೆ ‘ತ್ಸಾಂಗ್, ತಮ್ಗ ಕೊಡದಿರಲಿ’ ಎಂದಿದೆಯೇ ನೋಡಿ. ಇದ್ದರೆ ಆ ಮಠಕ್ಕೆ ಸಿಕ್ಕ ನಿಜವಾದ ಲಾಭ ಅದು.

5. ಆಸ್ತಿ ಪಟ್ಟಿ. ರಾಜದೂತರು ಮಠದಲ್ಲಿ ತಂಗಬಾರದು, ಅಂಚೆ ಕುದುರೆ, ದವಸ ಕೇಳಬಾರದು. ನೆಲ, ನೀರು, ತೋಟ, ಬೀಸುಗಲ್ಲಿನ ಗಿರಣಿ, ಅಂಗಡಿ, ಛತ್ರ, ಗಿರವಿ ಅಂಗಡಿ, ಸ್ನಾನಗೃಹ ಕಸಿಯಬಾರದು. ಸನ್ಯಾಸಿಗಳ ವಹಿವಾಟು ಎಷ್ಟಿತ್ತೆಂದು ಇಲ್ಲೇ ತಿಳಿಯುತ್ತದೆ.

6. ಎಚ್ಚರಿಕೆ ಯಾರಿಗೆ? ನಮ್ಮ ಶಾಸನಗಳ ಶಾಪಾಶಯ ದತ್ತಿ ಕಸಿದವನನ್ನು 60,000 ವರ್ಷ ಹುಳುವಾಗಿಸುತ್ತದೆ. ಖಾನನ ಕೊನೆಯ ಸಾಲು ಪಡೆದವರ ಕಡೆಗೇ ತಿರುಗುತ್ತದೆ: ಜರ್ಲಿಗ್ ಇದೆಯೆಂದು ನೀತಿಗೆಟ್ಟ ಕೆಲಸ ಮಾಡಿದರೆ, ಅವರಿಗೆ ಭಯವಿಲ್ಲವೇ?

7. ನಕಲಿ ಪರೀಕ್ಷೆ. ಇದು ಹೆಚ್ಚಾಗಿ ಬೇಕಾಗುವುದು ರಷ್ಯಾದ ಪಾಠಗಳಿಗೆ. ಅಲ್ಲಿ ಆಳಿದ ಮಂಗೋಲ್ ಶಾಖೆಯ (ಗೋಲ್ಡನ್ ಹೋರ್ಡ್) ಖಾನ ಮೆಂಗು ತೆಮುರ್ 1267ರಲ್ಲಿ ಆರ್ಥೊಡಾಕ್ಸ್ ಪಾದ್ರಿಗಳಿಗೆ ಕೊಟ್ಟ ಜರ್ಲಿಗ್ ರಷ್ಯನ್ ಅನುವಾದದಲ್ಲಿ ಉಳಿದಿದೆ. ಅದೇ ಶಾಖೆಯ ಉಜ್ಬೆಕ್ ಖಾನ್ ಮಹಾಪಾದ್ರಿ ಪೀಟರ್‌ಗೆ ಕೊಟ್ಟನೆನ್ನುವ ಉದ್ದನೆಯ, ಧಾರಾಳ ಮಾತಿನ ಜರ್ಲಿಗ್ ಮಾತ್ರ 16ನೇ ಶತಮಾನದ ಸೃಷ್ಟಿ. ಅಷ್ಟು ಹೊತ್ತಿಗೆ ಚರ್ಚಿನ ಭೂಮಿಯ ಮೇಲೆ ಕಣ್ಣು ಬಿದ್ದಿದ್ದದ್ದು ಮಾಸ್ಕೋದ ದೊರೆಗಳದ್ದು.