ಉಪಗ್ರಹ ಇಂಟರ್ನೆಟ್ ಹಾಕಿಸುವ ಮೊದಲು ಒಮ್ಮೆ ಮನೆಯ ಮಾಡು ಹತ್ತಿ ನೋಡಿ

ಕಾಸರಗೋಡಿನ ಎಣ್ಮಕಜೆ, ಬೆಳ್ಳೂರು ಕಡೆಯ ಗುಡ್ಡದ ಮನೆಗಳಿಗೆ ರೇಂಜ್ ಸಿಗೋದಿಲ್ಲ, ನಿಜ. ಹಾಗಂತ ಉಪಗ್ರಹ ಇಂಟರ್ನೆಟ್‌ಗೆ ಅವಸರದಲ್ಲಿ ದುಡ್ಡು ಕಟ್ಟಬೇಡಿ.

ಮೊದಲು ಡಿಶ್ ಇಡುವ ಜಾಗದಲ್ಲಿ ನಿಂತು ಮೇಲೆ ನೋಡಿ. ಆಕಾಶ ಅಗಲವಾಗಿ ಕಾಣಬೇಕು. ನಮ್ಮ ಮಾಡಿನ ಮೇಲೆ ನಿಂತರೆ ಮೂರು ಕಡೆಯೂ ಅಡಿಕೆ ಸೋಗೆಯೇ. ಭೂಮಿಗೆ ಹತ್ತಿರದಲ್ಲಿ ಹಾರುವ ಉಪಗ್ರಹಗಳು ಓಡುತ್ತಲೇ ಇರುತ್ತವೆ, ಒಂದು ಸೋಗೆ ಅಡ್ಡ ಬಂದರೂ ವಿಡಿಯೋ ಕಾಲ್ ಕಡಿಯುತ್ತದೆ. ಆಟಿ ತಿಂಗಳ ಜಡಿಮಳೆಗೆ ಸಿಗ್ನಲ್ ಇನ್ನೂ ಸೋಲುತ್ತದೆ.

ಯಾವ ಬಗೆಯ ಉಪಗ್ರಹ ಅಂತಲೂ ಕೇಳಿ. ಸುಮಾರು 36,000 ಕಿ.ಮೀ. ಎತ್ತರದ್ದಾದರೆ ಮಾತು ಹೋಗಿ ಉತ್ತರ ಬರುವಾಗ ಅರ್ಧ ಸೆಕೆಂಡಿಗಿಂತ ಜಾಸ್ತಿ ಹಿಡಿಯುತ್ತದೆ. ಮಕ್ಕಳ ಆನ್‌ಲೈನ್ ಕ್ಲಾಸಿಗೆ ಅದು ಕಷ್ಟ. 550 ಕಿ.ಮೀ. ಆಸುಪಾಸಿನದ್ದಾದರೆ ಈ ತೊಂದರೆ ತುಂಬಾ ಕಡಿಮೆ.

ಖರ್ಚು ಅಂದರೆ ತಿಂಗಳ ಬಾಡಿಗೆ ಮಾತ್ರ ಅಲ್ಲ. ಡಿಶ್ಶಿನ ಬೆಲೆ ಬೇರೆ, ಕರೆಂಟ್ ಬೇರೆ. 75 ವಾಟ್ ಎಳೆಯುವ ಡಿಶ್ ಹಗಲು ರಾತ್ರಿ ಉರಿದರೆ ತಿಂಗಳಿಗೆ 54 ಯೂನಿಟ್. ಮಳೆಗಾಲದಲ್ಲಿ ಕರೆಂಟ್ ಹೋಗೋದು ಗೊತ್ತಲ್ವಾ, ಇನ್ವರ್ಟರ್ ಲೆಕ್ಕವನ್ನೂ ಹಾಕಿ.

ಹತ್ತಿರದ ಕಂಬದವರೆಗೆ ಫೈಬರ್ ಬಂದಿದೆಯಾ ವಿಚಾರಿಸಿ. ನಮ್ಮಲ್ಲಿ ನಾಲ್ಕು ಮನೆಯವರು ಒಟ್ಟಿಗೆ ಹೋಗಿ ಕೇಳಿದ ಮೇಲೆಯೇ ಲೈನ್ ಎಳೆದರು.