ಮನೆ ಮಾರಿದ ಮೇಲೆ ‘ಗೋಡೆ ಒಸರುತ್ತಿದೆ’ ಎಂದು ಫೋನ್ ಬಂದಾಗ

ಹಳೆ ಮನೆ ಕೊಂಡು, ರಿಪೇರಿ ಮಾಡಿಸಿ ಮಾರುವುದು ನನ್ನ ಕಸುಬು. ಕ್ರಯಪತ್ರ ರಿಜಿಸ್ಟರ್ ಆಗಿ ಬೀಗದ ಕೈ ಕೊಟ್ಟ ಮೇಲೂ ಕೆಲಸ ಮುಗಿಯುವುದಿಲ್ಲ. ಕೊಂಡವರ ಮೊದಲ ಫೋನ್ ಬರುವುದು ಒಂದೋ ಮೊದಲ ದೊಡ್ಡ ಮಳೆಗೆ, ಇಲ್ಲವೇ ಗೃಹಪ್ರವೇಶದ ನೆಂಟರು ಊರಿಗೆ ಹೋದ ಮಾರನೆ ದಿನ. ಖಾಲಿ ಬಿದ್ದಿದ್ದ ಮನೆಯ ಬಚ್ಚಲನ್ನು ಒಂದೇ ದಿನ ಇಪ್ಪತ್ತು ಜನ ಬಳಸಿದರೆ, ಅಲ್ಲಿಯವರೆಗೆ ಕಾಣದಿದ್ದ ಸೋರಿಕೆ ಕಾಣಿಸಿಕೊಳ್ಳುತ್ತದೆ.

ಆ ಫೋನಿನಲ್ಲಿ ಎರಡು ಮಾತು ನಾನು ಆಡುವುದಿಲ್ಲ. ‘ನಾನು ಕೊಟ್ಟಾಗ ಸರಿಯಾಗೇ ಇತ್ತು’ ಅನ್ನುವುದು ಒಂದು, ‘ಆಯ್ತು ಸರ್, ನಾನೇ ಮಾಡಿಸಿಕೊಡ್ತೀನಿ’ ಅನ್ನುವುದು ಇನ್ನೊಂದು. ಎರಡೂ ನೋಡದೆ ಆಡುವ ಮಾತುಗಳು. ‘ಫೋಟೋ ಕಳಿಸಿ ಸರ್, ನಾಳೆ ಬೆಳಗ್ಗೆ ಬಂದು ನೋಡ್ತೀನಿ. ಅಲ್ಲೀವರೆಗೆ ಯಾರ ಕೈಲೂ ಒಡೆಸಬೇಡಿ’ ಎಂದಷ್ಟೇ ಹೇಳಿ, ಅದನ್ನೇ ವಾಟ್ಸಾಪ್‌ನಲ್ಲೂ ಬರೆದು ಕಳಿಸುತ್ತೇನೆ. ಟೈಲ್ಸ್ ಒಡೆದ ಮೇಲೆ ನೀರು ಎಲ್ಲಿಂದ ಬಂತೆಂದು ತಿಳಿಯುವ ಕುರುಹೇ ಹೋಗಿಬಿಡುತ್ತದೆ. ನಲ್ಲಿ ಮುಟ್ಟಿದರೆ ಶಾಕ್ ಹೊಡೆಯುತ್ತಿದೆ, ಸೀಲಿಂಗ್ ಗಾರೆ ಕಳಚಿ ಬೀಳುತ್ತಿದೆ ಎಂದರೆ ಮಾತ್ರ ನಾಳೆ ಎನ್ನುವುದಿಲ್ಲ. ಮೇನ್ ಸ್ವಿಚ್ ಆರಿಸಿ, ಆ ಕೋಣೆ ಬಿಟ್ಟು ಹೊರಗಿರಿ ಎಂದು ಹೇಳಿ ಆಗಲೇ ಹೊರಡುತ್ತೇನೆ.

ಹೋಗುವಾಗ ಹಸ್ತಾಂತರದ ಪಟ್ಟಿ ನನ್ನ ಕೈಯಲ್ಲಿರುತ್ತದೆ. ಮನೆ ಕೊಡುವ ದಿನ ಕರೆಂಟು ಮತ್ತು ನೀರಿನ ಮೀಟರ್ ರೀಡಿಂಗ್, ಬೀಗದ ಕೈಗಳ ಎಣಿಕೆ, ಪ್ರತಿ ಕೋಣೆಯ ನಾಲ್ಕೂ ಗೋಡೆ ಮತ್ತು ಸೀಲಿಂಗಿನ ಫೋಟೋ, ಮುಖ್ಯವಾಗಿ ‘ಈ ಕೆಳಗಿನ ದೋಷಗಳನ್ನು ತಿಳಿಸಲಾಗಿದೆ’ ಎಂಬ ಸಾಲುಗಳು, ಕೆಳಗೆ ಇಬ್ಬರ ಸಹಿ. ಈ ಒಂದು ಹಾಳೆ ಇದ್ದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ದೋಷ ತಿಳಿಸಿದ್ದೇವೋ ಇಲ್ಲವೋ ಎಂಬುದನ್ನೇ ಕಾನೂನೂ ನೋಡುವುದು. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯಿದೆಯ 14(3)ನೇ ಸೆಕ್ಷನ್ ಹೇಳುವ 5 ವರ್ಷದ ಹೊಣೆ ಕಟ್ಟಿ ಮಾರುವ ಬಿಲ್ಡರ್‌ಗೆ: ದೂರು ಕೊಟ್ಟ 30 ದಿನದೊಳಗೆ ಖರ್ಚಿಲ್ಲದೆ ಸರಿಪಡಿಸಬೇಕು. ಹಳೆ ಮನೆ ಮಾರುವವರು ನೋಡಬೇಕಾದದ್ದು 1882ರ ಆಸ್ತಿ ವರ್ಗಾವಣೆ ಕಾಯಿದೆಯ 55ನೇ ಸೆಕ್ಷನ್. ಮಾರುವವರಿಗೆ ಗೊತ್ತಿದ್ದು, ಕೊಳ್ಳುವವರಿಗೆ ಗೊತ್ತಿಲ್ಲದೆ, ಅವರು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ಮುಖ್ಯ ದೋಷವನ್ನು ಹೇಳಲೇಬೇಕು. ಹೇಳದಿದ್ದರೆ ಅದು ವಂಚನೆ ಎಂದೇ ಆ ಸೆಕ್ಷನ್ ಎಣಿಸುತ್ತದೆ. ಹಾಗಾಗಿ ಪ್ರತಿ ದೂರಿಗೂ ನಾನು ಮೊದಲು ಕೇಳಿಕೊಳ್ಳುವುದು ಇದು: ಇದು ಮುಂಚೆಯೇ ಇತ್ತೇ? ಇದ್ದದ್ದು ನನಗೆ ಗೊತ್ತಿತ್ತೇ? ಗೊತ್ತಿದ್ದು ಹೇಳಿಲ್ಲದಿದ್ದರೆ ಖರ್ಚು ಪೂರಾ ನನ್ನದು, ಅದರಲ್ಲಿ ಚೌಕಾಸಿ ಇಲ್ಲ. ನೆನೆದ ಗೋಡೆಗೆ ಪುಟ್ಟಿ ಎಳೆದು ಬಣ್ಣ ಬಳಿದಿದ್ದರೆ, ಗೊತ್ತಿರಲಿಲ್ಲ ಎನ್ನುವ ಬಾಯಿ ನಮಗೆ ಇರುವುದಿಲ್ಲ. ಇತ್ತು, ಆದರೆ ನನಗೂ ಗೊತ್ತಿರಲಿಲ್ಲ ಎಂದಾದರೆ ಮೊದಲ ಮಳೆಗಾಲ ಮುಗಿಯುವವರೆಗೆ ಕೂಲಿ ನನ್ನದು, ಸಾಮಾನು ಅವರದು. ಇದು ಕಾಯಿದೆಯ ಮಾತಲ್ಲ, ನಾನು ಇಟ್ಟುಕೊಂಡ ಪದ್ಧತಿ. ಆಮೇಲೆ ಆದದ್ದಾದರೆ ಒಳ್ಳೆ ಮೇಸ್ತ್ರಿಯ ನಂಬರ್ ಕೊಡುತ್ತೇನೆ.

ದೂರುಗಳಲ್ಲಿ ಹೆಚ್ಚಿನವು ನೀರಿನವೇ. ನೀರಿನ ಮೂಲ ಹುಡುಕದೆ ತಪ್ಪು ಯಾರದೆಂದು ಹೇಳುವ ಹಾಗಿಲ್ಲ. ಮಹಡಿಯ ಬಚ್ಚಲಿನ ಕೆಳಗೆ ಸೀಲಿಂಗ್ ನೆನೆದಿದೆ ಅನ್ನಿ. ಮೊದಲು ನೆಂದ ಕಲೆಯ ಅಂಚಿನುದ್ದಕ್ಕೂ ಪೆನ್ಸಿಲ್ ಗೆರೆ ಎಳೆದು, ಪಕ್ಕದಲ್ಲಿ ದಿನಾಂಕ, ಗಂಟೆ ಬರೆದು ಫೋಟೋ ತೆಗೆಯುತ್ತೇನೆ. ಆ ಬಚ್ಚಲನ್ನು 2 ದಿನ ಬಳಸಬಾರದು. ನಲ್ಲಿ ಬಿಡದಿದ್ದರೂ ಕಲೆ ಗೆರೆ ದಾಟಿ ಹರಡಿತೆಂದರೆ ಸದಾ ನೀರು ತುಂಬಿರುವ ಸಪ್ಲೈ ಪೈಪಿನ ಮೇಲೆ ಅನುಮಾನ. ರಾತ್ರಿ ಎಲ್ಲ ನಲ್ಲಿ ಬಂದ್ ಮಾಡಿ, ತಾರಸಿ ಟ್ಯಾಂಕಿನ ನೀರಿನ ಮಟ್ಟ ಗುರುತಿಟ್ಟು, ಬೆಳಗ್ಗೆ ನೋಡಬೇಕು. ಇಳಿದಿದ್ದರೆ ಮಾರನೆ ರಾತ್ರಿ ಆ ಬಚ್ಚಲಿನ ವಾಲ್ವ್ ಮಾತ್ರ ಮುಚ್ಚಿ ಮತ್ತೆ ನೋಡುವುದು. ಖಚಿತ ಬೇಕೆಂದರೆ ಪ್ಲಂಬರ್ ಗೀಸರ್ ಬಿಡಿಸಿ, ನಲ್ಲಿ ಬಾಯಿಗಳಿಗೆ ಎಂಡ್ ಪ್ಲಗ್ ಹಾಕಿ, ಕೈಪಂಪಿನಿಂದ ಒತ್ತಡ ಕೊಟ್ಟು ಅರ್ಧ ಗಂಟೆ ಗೇಜ್ ಮುಳ್ಳು ನೋಡುತ್ತಾರೆ. ಗೀಸರ್ ಬಿಡಿಸದೆ ಒತ್ತಡ ಕೊಟ್ಟರೆ ಅದರ ಟ್ಯಾಂಕೇ ಬಿರಿಯಬಹುದು.

ಸಪ್ಲೈ ಪೈಪು ಸರಿಯಿದ್ದರೆ ಚರಂಡಿ ಪೈಪಿನ ಸರದಿ. ನೆಲ ಒದ್ದೆಯಾಗದಂತೆ ನಹಾನಿ ಟ್ರ್ಯಾಪಿನ (ಬಚ್ಚಲಿನ ನೆಲದ ನೀರು ಹೊರಹೋಗುವ ಬಾಯಿ) ಒಳಕ್ಕೇ ಹತ್ತು ಬಕೆಟ್ ನೀರು ಸುರಿದು ಒಂದು ದಿನ ಕಾಯುತ್ತೇನೆ. ಕೆಳಗೆ ಹೊಸ ತೇವ ಬರಲಿಲ್ಲವೆಂದರೆ ಟ್ರ್ಯಾಪನ್ನು ಪ್ಲಾಸ್ಟಿಕ್ ಸುತ್ತಿದ ಬಟ್ಟೆಯಿಂದ ಬಿಗಿದು, ನೆಲದ ಮೇಲೆ ಒಂದು ಇಂಚು ನೀರು 24 ಗಂಟೆ ನಿಲ್ಲಿಸುವುದು. ಆಗಲೂ ತೇವ ಬರಲಿಲ್ಲವೆಂದರೆ ಕೊನೆಗೆ ಗೋಡೆ ಟೈಲ್ಸಿಗೆ 15 ನಿಮಿಷ ಶವರ್ ಹೊಡೆಯುವುದು. ಕಮೋಡಿನ ಅನುಮಾನವಿದ್ದರೆ ಫ್ಲಶ್ ಟ್ಯಾಂಕಿಗೆ ಅಡುಗೆಯ ಬಣ್ಣ ಹಾಕಿ ಫ್ಲಶ್ ಮಾಡಿದರೆ, ಕೆಳಗೆ ತೊಟ್ಟಿಕ್ಕುವ ನೀರಿನ ಬಣ್ಣ ಉತ್ತರ ಹೇಳುತ್ತದೆ. ದಿನಕ್ಕೆ ಒಂದೇ ಪರೀಕ್ಷೆ. ಅವಸರಕ್ಕೆ ಎಲ್ಲವನ್ನೂ ಒಂದೇ ಮಧ್ಯಾಹ್ನ ಮಾಡಿದರೆ ಸೋರುವುದು ಕಾಣುತ್ತದೆ, ಎಲ್ಲಿಂದ ಎನ್ನುವುದು ಕಾಣುವುದಿಲ್ಲ. ಕೊನೆಗೆ ಬಚ್ಚಲು ಪೂರ್ತಿ ಒಡೆಯಬೇಕಾಗುತ್ತದೆ.

ರಿಪೇರಿ ಮಾಡಿದ ಮೇಲೂ ಹೆಚ್ಚು ಜನ ಎಡವುವುದು ಒಂದು ಕಡೆ. ಬಚ್ಚಲಿನ ತಗ್ಗು ಸ್ಲ್ಯಾಬಿನಲ್ಲಿ, ಟೈಲ್ಸಿನ ಅಡಿಯ ಇಟ್ಟಿಗೆ ಚೂರಿನ ನಡುವೆ ತುಂಬಿಕೊಂಡ ಹಳೆ ನೀರು, ಸೋರಿಕೆ ಮುಚ್ಚಿದ ಮೇಲೂ ದಿನಗಟ್ಟಲೆ ಕೆಳಗೆ ಇಳಿಯುತ್ತಿರುತ್ತದೆ. ಕೊಂಡವರು ಕೆಲಸ ಕೆಟ್ಟಿತು ಎಂದುಕೊಂಡು ಹೊಸ ಮೇಸ್ತ್ರಿಯನ್ನು ಕರೆದು ಸರಿಯಾದದ್ದನ್ನೂ ಒಡೆಸುತ್ತಾರೆ. ಅದಕ್ಕೇ ರಿಪೇರಿ ದಿನವೇ ಮೇಸ್ತ್ರಿಯ ಎದುರಲ್ಲಿ ಹೇಳಿಬಿಡುತ್ತೇನೆ: ‘ಮೇಡಂ, ಇನ್ನೂ ಎರಡು ವಾರ ಹನಿ ಬೀಳಬಹುದು. ಪೆನ್ಸಿಲ್ ಗೆರೆ ದಾಟಿದರೆ ಮಾತ್ರ ಫೋನ್ ಮಾಡಿ.’

ನೆಲಮಹಡಿಯ ಗೋಡೆ ಬುಡದಿಂದ ಎರಡು ಮೂರು ಅಡಿವರೆಗೆ ಒಂದೇ ಸಮ ನೆನೆದು, ಬಣ್ಣ ಉಬ್ಬಿ, ಬಿಳಿ ಉಪ್ಪಿನ ಪುಡಿ ಉದುರುತ್ತಿದ್ದರೆ ಅದು ಪೈಪಿನದಲ್ಲ, ನೆಲದ ತೇವ ಗೋಡೆ ಹತ್ತುತ್ತಿರುವುದು. ಪಾಯದ ಮೇಲೆ ತೇವ ತಡೆಯುವ ಪದರವಿಲ್ಲದ ಹಳೆ ಮನೆಗಳಲ್ಲಿ ಇದು ಸಾಮಾನ್ಯ. ಸಿಮೆಂಟ್ ಗಾರೆ ಬಿಗಿದರೆ ತೇವ ಇನ್ನೂ ಮೇಲಕ್ಕೆ ಏರುತ್ತದೆ. ಚಳಿಗಾಲದಲ್ಲಿ ಬೀರುವಿನ ಹಿಂದೆ ಬರುವ ಕಪ್ಪು ಬೂಷ್ಟು ಬೇರೆ. ಆ ಜಾಗ ಒರೆಸಿ, ಒಂದು ಚದರ ಅಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಚ್ಚಿ ಒಂದು ದಿನ ಬಿಡಿ. ಹನಿ ಹಾಳೆಯ ಒಳಮೈಯಲ್ಲಿ ಕೂತಿದ್ದರೆ ತೇವ ಗೋಡೆಯೊಳಗಿನದು, ಹೊರಮೈಯಲ್ಲಿದ್ದರೆ ಕೋಣೆಯ ಗಾಳಿಯದು. ಎರಡನೆಯದಕ್ಕೆ ಕಿಟಕಿ ತೆರೆದು, ಬೀರುವನ್ನು ಒಂದು ಗೇಣು ಮುಂದಕ್ಕೆ ಸರಿಸಿದರೆ ಸಾಕು.

ಬಿರುಕಿನಲ್ಲಿ ಹೆದರಿಕೆಯೇ ಹೆಚ್ಚು. ಬೀಮಿನ ಅಡಿ ಅಡ್ಡಗೆರೆಯಂತೆ ಬಂದದ್ದು ಕಾಂಕ್ರೀಟು ಮತ್ತು ಇಟ್ಟಿಗೆ ಕೂಡುವ ಸಂದು. ಅದನ್ನು ವಿ ಆಕಾರಕ್ಕೆ ಕೆತ್ತಿ, ಕೋಳಿ ಜಾಲರಿ ಹೊಡೆದು, ಪಾಲಿಮರ್ ಬೆರೆಸಿದ ಗಾರೆ ತುಂಬಿದರೆ ಆಯಿತು. ಕಿಟಕಿ ಮೂಲೆಯಿಂದ ಓರೆಯಾಗಿ ಇಳಿದು, ಒಳಗೂ ಹೊರಗೂ ಕಾಣುವ ಬಿರುಕಿಗೆ ಮಾತ್ರ ಎಂಜಿನಿಯರ್ ಬೇಕು. ಅವರು ಬರುವವರೆಗೆ ಬಿರುಕಿಗೆ ಅಡ್ಡಲಾಗಿ ಒಂದು ಗಾಜಿನ ಪಟ್ಟಿಯನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಅಂಟಿಸಿ ದಿನಾಂಕ ಬರೆದಿಡುತ್ತೇನೆ. ಗಾಜು ಸೀಳಿತೆಂದರೆ ಗೋಡೆ ಇನ್ನೂ ಕದಲುತ್ತಿದೆ.

ಕಾಗದದ ದೂರುಗಳು ಸುಲಭ, ಆದರೆ ತಡಮಾಡಬಾರದು. ಕ್ರಯದ ದಿನದವರೆಗಿನ ಕಂದಾಯ, ನೀರಿನ ಬಾಕಿ ಮಾರಿದವರದು, ಬಿಲ್ ಆಮೇಲೆ ಬಂದರೂ. ವಿದ್ಯುತ್ ಬಿಲ್ಲಿನಲ್ಲಿ ದೊಡ್ಡ ಮೊತ್ತ ಬಂದಿದೆ ಎಂದರೆ ಆ ಸಾಲು ಏನೆಂದು ಓದಿ. ಹೆಚ್ಚುವರಿ ಭದ್ರತಾ ಠೇವಣಿ ಎಂದಿದ್ದರೆ ಅದು ಹಳೆ ಬಾಕಿಯಲ್ಲ, ಬಳಕೆಯ ಸರಾಸರಿ ನೋಡಿ ಕೇಳುವ ಠೇವಣಿ. ಆರ್‌ಆರ್ ನಂಬರ್ (ಕರೆಂಟು ಸಂಪರ್ಕದ ಸಂಖ್ಯೆ) ಕೊಂಡವರ ಹೆಸರಿಗೆ ಬದಲಾಗಿದ್ದರೆ ಹಣ ಅವರ ಖಾತೆಯಲ್ಲೇ ಇರುತ್ತದೆ. ಕ್ರಯಪತ್ರದಲ್ಲಿ ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಅಥವಾ ಅಳತೆ ತಪ್ಪಿ ಖಾತೆ ಅರ್ಜಿ ವಾಪಸ್ ಬಂದರೆ ತಿದ್ದುಪಡಿ ಪತ್ರಕ್ಕೆ ನಾನೇ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಸಹಿ ಮಾಡಬೇಕು. ಬೇರೆ ಊರಲ್ಲಿದ್ದೇನೆ ಎಂದು ಇದನ್ನು ಮುಂದೂಡುವುದು ಕೊಂಡವರಿಗೆ ಮಾಡುವ ದೊಡ್ಡ ಅನ್ಯಾಯ. ಅವರ ಬ್ಯಾಂಕ್ ಸಾಲ ಅದೇ ಕಾಗದದ ಮೇಲೆ ನಿಂತಿರುತ್ತದೆ.

ವಕೀಲರ ನೋಟಿಸ್ ಬಂದಿದ್ದರೆ ಮಾತ್ರ ಫೋನಿನ ಮಾತು ನಿಲ್ಲಿಸಿ, ನನ್ನ ವಕೀಲರ ಮೂಲಕವೇ ಅದರಲ್ಲಿ ಹೇಳಿದ ಗಡುವಿನೊಳಗೆ ಉತ್ತರ ಕೊಡುತ್ತೇನೆ. ಉಳಿದಂತೆ ಕೆಲಸ ಮುಗಿದ ದಿನ ಇಬ್ಬರೂ ಸಹಿ ಹಾಕುವ ಕಾಗದ ಇಷ್ಟೇ: ‘ಮೊದಲ ಮಹಡಿ ಬಚ್ಚಲಿನ ಟ್ರ್ಯಾಪ್ ಸುತ್ತಲಿನ ಸೋರಿಕೆಯನ್ನು ಮಾರಾಟಗಾರರ ಖರ್ಚಿನಲ್ಲಿ ಸರಿಪಡಿಸಲಾಗಿದೆ. 24 ಗಂಟೆ ನೀರು ನಿಲ್ಲಿಸಿ ನೋಡಿದ್ದೇವೆ. ಈ ಒಂದು ದೂರಿನ ಬಾಬ್ತು ಬಾಕಿ ಏನೂ ಇಲ್ಲ.’ ‘ಈ ಒಂದು ದೂರಿನ’ ಎಂಬ ಮಾತು ಇರಲೇಬೇಕು. ‘ಮುಂದೆ ಯಾವ ದೂರೂ ಇಲ್ಲ’ ಎಂದು ಬರೆಸಿಕೊಳ್ಳಲು ಹೋದರೆ ಕೊಂಡವರು ಸಹಿ ಹಾಕುವುದಿಲ್ಲ, ಹಾಕಲೂಬಾರದು.

ಬಣ್ಣ ಅಂದೇ ಹೊಡೆಸುವುದಿಲ್ಲ. ಕಲೆ ಪೆನ್ಸಿಲ್ ಗೆರೆಯೊಳಗೆ ಪೂರ್ತಿ ಒಣಗಿ, ಗಾರೆ ತಟ್ಟಿದರೆ ಟೊಳ್ಳು ಸದ್ದು ಬಾರದಿದ್ದಾಗ ಪ್ರೈಮರ್, ಆಮೇಲೆ ಎರಡು ಕೋಟ್. ಮಳೆಗಾಲದಲ್ಲಿ ಇದಕ್ಕೆ ತಿಂಗಳಿಗೂ ಮೇಲೆ ಬೇಕು.