ಮುಟ್ಟಿನ ಲೆಕ್ಕವನ್ನು ಹಿಂದಿನಿಂದ ಎಣಿಸಿ

ಜಾತ್ರೆ ಹತ್ತಿರ ಬಂತೆಂದರೆ ಕೊಪ್ಪಳ ಕಡೆಯ ನಮ್ಮ ಆರೋಗ್ಯ ಉಪಕೇಂದ್ರಕ್ಕೆ ಬರುವ ಹೆಣ್ಣುಮಕ್ಕಳದು ಒಂದೇ ಬೇಡಿಕೆ: "ಸಿಸ್ಟರ್ ಅಕ್ಕಾರ, ಮುಂದ ಹೋಗೋ ಗುಳಿಗಿ ಕೊಡ್ರಿ." ಅಂದರೆ ಮುಟ್ಟನ್ನು ಮುಂದೂಡುವ ಗುಳಿಗೆ. ಹಿಂದಿನ ಸಲ ಯಾವಾಗ ಆಗಿತ್ತವ್ವಾ ಎಂದರೆ "ಅಮಾಸಿ ಆಜೂಬಾಜೂ ರೀ" ಅನ್ನುತ್ತಾರೆ. ಅಷ್ಟರ ಮೇಲೆ ಗುಳಿಗೆ ಕೊಡಲು ಬರುವುದಿಲ್ಲ. ಮೊದಲು ತಾರೀಖು ಬೇಕು.

ಗೋಡೆಯ ಕ್ಯಾಲೆಂಡರ್ ಸಾಕು. ರಕ್ತ ಸರಿಯಾಗಿ ಹೋಗಲು ಶುರುವಾದ ದಿನವೇ 1ನೇ ದಿನ. ಹಿಂದಿನ ಸಂಜೆ ಕಂಡ ಕಂದು ಕಲೆ ಲೆಕ್ಕಕ್ಕಿಲ್ಲ. ಮಾವನವರು ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿ ಬರೆಯಲು ನಾಚಿಕೆಯಾದರೆ ಮೂಲೆಗೊಂದು ಚುಕ್ಕಿ ಇಡಿ, ಯಾರೂ ಕೇಳುವುದಿಲ್ಲ. ಈ ಚುಕ್ಕಿಯಿಂದ ಮುಂದಿನ ಚುಕ್ಕಿಯವರೆಗೆ ಒಂದು ಚಕ್ರ. ದೊಡ್ಡವರಲ್ಲಿ 21ರಿಂದ 35 ದಿನ, ಹೊಸದಾಗಿ ಮೈನೆರೆದ ಹುಡುಗಿಯರಲ್ಲಿ ಮೊದಲ ಕೆಲವು ವರ್ಷ 45ರವರೆಗೂ ಇರಬಹುದು. ಎಲ್ಲರಿಗೂ 28ಕ್ಕೇ ಆಗಬೇಕು ಅನ್ನುವುದು ಸುಳ್ಳು.

ರಕ್ತ ಹೋಗುವ ದಿನಗಳಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎಂಬ ಹೆಣ್ಣಿನ ಹಾರ್ಮೋನು ಎರಡೂ ತಳ ಮುಟ್ಟಿರುತ್ತವೆ. ಗರ್ಭಕೋಶದ ಒಳಪದರದಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಹೆಚ್ಚಾಗಿ ಗರ್ಭಕೋಶವನ್ನು ಹಿಂಡುತ್ತದೆ. ಕಿಬ್ಬೊಟ್ಟೆ ನೋವು ಅದರಿಂದಲೇ. ಅದು ಕರುಳನ್ನೂ ಕೆಣಕುವುದರಿಂದ ಕೆಲವರಿಗೆ ಮೊದಲ ದಿನ ಭೇದಿಯಾಗುತ್ತದೆ. ಪಾಪ, ಹಿಂದಿನ ಸಂಜೆಯ ಮಿರ್ಚಿ ಮಂಡಕ್ಕಿಗೆ ಬೈಗುಳ ಬೀಳುತ್ತದೆ. ಹೊಟ್ಟೆಗೆ ಬಿಸಿನೀರಿನ ಶಾಖ ಕೊಟ್ಟರೆ ಹಿತವಾಗುತ್ತದೆ.

ಅಷ್ಟರಲ್ಲೇ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಎಫ್‌ಎಸ್‌ಎಚ್ ಎಂಬ ಹಾರ್ಮೋನು ಕಳಿಸಿ ಅಂಡಾಶಯವನ್ನು ಎಬ್ಬಿಸುತ್ತದೆ. ಅಂಡ ಇರುವ ಪುಟ್ಟ ಚೀಲಗಳಾದ ಕೋಶಕಗಳಲ್ಲಿ ಕೆಲವು ಬೆಳೆಯತೊಡಗಿ ಸಾಮಾನ್ಯವಾಗಿ ಒಂದೇ ಮುಂದೆ ಬರುತ್ತದೆ. ಅದು ಸುರಿಸುವ ಈಸ್ಟ್ರೋಜನ್‌ನಿಂದ ಒಳಪದರ ಮತ್ತೆ ದಪ್ಪವಾಗುತ್ತದೆ. ಈಸ್ಟ್ರೋಜನ್ ತುದಿಗೇರಿದಾಗ ಪಿಟ್ಯುಟರಿಯದೇ ಇನ್ನೊಂದು ಹಾರ್ಮೋನು ಎಲ್‌ಎಚ್ ಒಮ್ಮೆಲೇ ಏರಿ, ಸುಮಾರು ಒಂದೂವರೆ ದಿನದೊಳಗೆ ಅಂಡ ಹೊರಬೀಳುತ್ತದೆ. ಆ ಹೊತ್ತಿಗೆ ಹೋಗುವ ಬಿಳಿ ತೆಳ್ಳಗಿದ್ದು, ಎರಡು ಬೆರಳ ನಡುವೆ ಎಳೆದರೆ ದಾರದಂತೆ ಹಿಗ್ಗುತ್ತದೆ. ನಾತ, ತುರಿಕೆ ಇಲ್ಲದಿದ್ದರೆ ಅದು ರೋಗವಲ್ಲ.

ಹೆಚ್ಚಿನವರು ಲೆಕ್ಕ ತಪ್ಪುವುದು ಇಲ್ಲೇ. ದಿನ ಹೆಚ್ಚುಕಡಿಮೆಯಾಗುವುದು ಬಹುಮಟ್ಟಿಗೆ ಚಕ್ರದ ಮೊದಲರ್ಧದಲ್ಲಿ. ಜ್ವರ, ಪರೀಕ್ಷೆಯ ಚಿಂತೆ, ಮೈ ಇಳಿಯುವುದು, ಇವೆಲ್ಲ ಅಂಡವನ್ನು ತಡ ಮಾಡಬಲ್ಲವು. ಅಂಡ ಬಿದ್ದ ಮೇಲೆ ಮುಟ್ಟು ಬರಲು ಹೆಚ್ಚುಕಡಿಮೆ 12ರಿಂದ 14 ದಿನ. ಆದ್ದರಿಂದ ಮುಂದಿನ ಚುಕ್ಕಿಯಿಂದ 14 ದಿನ ಹಿಂದಕ್ಕೆ ಎಣಿಸಿ. 35 ದಿನದವಳಿಗೆ ಅಂಡ ಬೀಳುವುದು 21ನೇ ದಿನದ ಸುಮಾರಿಗೆ, 14ಕ್ಕಲ್ಲ. ವೀರ್ಯಾಣು ಒಳಗೆ 5 ದಿನದವರೆಗೂ ಬದುಕಿರಬಲ್ಲದು, ಅಂಡ ಒಂದೇ ದಿನ. ಹಾಗಾಗಿ ಬರೀ ಚುಕ್ಕಿ ನಂಬಿ ಗರ್ಭ ತಪ್ಪಿಸಲು ಹೋಗಬೇಡಿ. ಮುಟ್ಟು ತಪ್ಪಿದರೆ ಮೊದಲು ಗರ್ಭದ ಪರೀಕ್ಷೆ, ಆಮೇಲೆ ಉಳಿದ ಮಾತು.

ಅಂಡ ಬಿದ್ದ ಜಾಗದಿಂದ ಪ್ರೊಜೆಸ್ಟರಾನ್ ಹುಟ್ಟುತ್ತದೆ. ಬೆಳಗ್ಗೆ ಏಳುವ ಮುಂಚಿನ ಮೈಬಿಸಿ 0.3ರಿಂದ 0.5 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಅಳೆದು ಬರೆಯಬಹುದು. ಆದರೆ ಏಪ್ರಿಲ್-ಮೇ ಸೆಕೆಗೆ ಮಾಳಿಗೆ ಮೇಲೆ ಹೊರಳಾಡಿ ನಿದ್ದೆ ಕೆಟ್ಟ ರಾತ್ರಿಯ ಅಂಕಿಯನ್ನು ನಾನಂತೂ ನಂಬುವುದಿಲ್ಲ. ಎದೆ ಬಿಗಿತ, ಹೊಟ್ಟೆ ಉಬ್ಬರ, ಮಲಬದ್ಧತೆ, ಸಣ್ಣ ಮಾತಿಗೂ ಸಿಡುಕು ಈ ಕಾಲದವು. ಗರ್ಭ ನಿಲ್ಲದಿದ್ದರೆ ಪ್ರೊಜೆಸ್ಟರಾನ್ ಕುಸಿದು ಪದರ ಕಳಚುತ್ತದೆ.

ಮುಂದೆ ಹೋಗುವ ಗುಳಿಗೆ ಮಾಡುವುದು ಈ ಕುಸಿತದಿಂದ ಪದರ ಕಳಚದಂತೆ ತಡೆಯುವ ಕೆಲಸ. ಅದರಲ್ಲಿರುವ ನೊರೆಥಿಸ್ಟರಾನ್ ಎಂಬ ಔಷಧ ಪ್ರೊಜೆಸ್ಟರಾನ್‌ನ ಜಾತಿಯದೇ. ಸಾಮಾನ್ಯವಾಗಿ ಮುಟ್ಟಿನ 3 ದಿನ ಮೊದಲು ಶುರು ಮಾಡಬೇಕು, ನಿಲ್ಲಿಸಿದ ಎರಡು-ಮೂರು ದಿನಕ್ಕೆ ರಕ್ತ ಬರುತ್ತದೆ. ತಾರೀಖೇ ಗೊತ್ತಿಲ್ಲದವಳು ಯಾವಾಗ ಶುರು ಮಾಡಬೇಕು? ರಕ್ತ ಹೆಪ್ಪುಗಟ್ಟುವ ತೊಂದರೆ, ಲಿವರ್ ಕಾಯಿಲೆ, ಅರೆತಲೆನೋವು ಇರುವವರು, ಎದೆಹಾಲು ಕೊಡುವವರು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು. ಮೆಡಿಕಲ್ ಶಾಪಿನವರ ಮಾತಿಗೆ ನುಂಗುವುದಂತೂ ಬೇಡ. ಜಾತ್ರೆಯ ದೇವಿ ಹುಲಿಗೆಮ್ಮ ತಾಯಿನೂ ಹೆಣ್ಣಲ್ಲೇನ್ರಿ ಎಂದು ಕೇಳಿ ಹಿರಿಯರಿಂದ ಬೈಸಿಕೊಂಡಿದ್ದೇನೆ, ಇನ್ನೂ ಕೇಳುತ್ತೇನೆ.

ತಾಸಿಗೊಂದು ಪ್ಯಾಡ್ ತೊಯ್ದರೆ, 7 ದಿನ ದಾಟಿದರೆ, ಗರ್ಭವಿಲ್ಲದೆ 3 ತಿಂಗಳು ನಿಂತರೆ, 15 ತುಂಬಿದರೂ ಮೈನೆರೆಯದಿದ್ದರೆ, ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೆ ಆಸ್ಪತ್ರೆಗೆ ಹೋಗಿ. ಹಿಮೋಗ್ಲೋಬಿನ್ ಕೂಡ ನೋಡಿಸಿ. ಬಸುರಿಯಲ್ಲದ ಹೆಂಗಸಿಗೆ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಕಬ್ಬಿಣದ ಗುಳಿಗೆ ಕೊಟ್ಟರೆ ನಿಂಬೆಹಣ್ಣಿನ ಪಾನಕದ ಜೊತೆ ನುಂಗಿ, ಅದರ ಹಿಂದು ಮುಂದು ಒಂದು ತಾಸು ಚಹಾ ಕುಡಿಯಬೇಡಿ. ಮಲ ಕಪ್ಪಾದರೆ ಗಾಬರಿಯಾಗಬೇಡಿ, ಅದು ಗುಳಿಗೆಯ ಬಣ್ಣ.